ಕಾಣೆಯಾದ ಪಟ್ಟದ ರಾಜ

ಆ ವರ್ಷ ನವರಾತ್ರಿಗೆ ಒಂದು ವಾರವಿರುವಾಗ ನಮ್ಮ ಮನೆಯ ರಾಜ ಕಳುವಾದ. ರಾಜ, ರಾಣಿ ಎರಡೂ ನನ್ನ ಮದುವೆಯಲ್ಲಿ ಅಮ್ಮ ಕೊಟ್ಟ, ತವರುಮನೆಯ ಹಳೆಯ ಮರದ ಪಟ್ಟದ ಗೊಂಬೆಗಳು. ಪೆಟ್ಟಿಗೆಯಿಂದ ತೆಗೆದು ಒರೆಸಿ, ಗಾಳಿಯಾಡಲೆಂದು ಜಗಲಿಯ ಮೇಲೆ ಬಾಳೆಹಣ್ಣಿನ ಬುಟ್ಟಿಯ ಪಕ್ಕ ಇಟ್ಟು ಹಾಲಿಳಿಸಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ರಾಣಿ ಒಬ್ಬಳೇ ನಿಂತಿದ್ದಳು.

"ಕೋತಿ ಎತ್ಕೊಂಡೋಗಿರುತ್ತೆ, ಬುಡು," ಎಂದರು ಯಜಮಾನರು, ಪೇಪರಿನಿಂದ ತಲೆಯೆತ್ತದೆ.

ಪಕ್ಕದ ಮನೆಯ ಅಕ್ಕ ಒಪ್ಪಲಿಲ್ಲ. ಎಪ್ಪತ್ತು ದಾಟಿದ ಅವರು ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಸಾಕ್ಷಿಗಳ ಸುಳ್ಳನ್ನೆಲ್ಲ ಬೆರಳಚ್ಚು ಮಾಡಿಯೇ ನಿವೃತ್ತರಾಗಿದ್ದರು. "ಪಕ್ಕದಲ್ಲಿದ್ದ ಬಾಳೆಹಣ್ಣು ಬಿಟ್ಟು ಕೋತಿ ಯಾಕ್ರೀ ರಾಜನ್ನ ಎತ್ಕೊಂಡೋಗುತ್ತೆ?" ಎಂದು ಯಜಮಾನರ ಬಾಯಿ ಮುಚ್ಚಿಸಿ, ನನ್ನ ಕಡೆ ತಿರುಗಿದರು. "ಗುರುತು ಏನಾದ್ರೂ ಇದ್ಯಾ?"

ಇತ್ತು. ಹಲ್ಲು ಬರುವ ವಯಸ್ಸಿನಲ್ಲಿ ನಾನು ರಾಜನ ಎಡಗಾಲನ್ನು ಕಚ್ಚಿದ್ದೆನಂತೆ. ಪಂಚೆಯ ಕೆಳಗೆ ಎರಡು ಗುಳಿ ಹಾಗೇ ಉಳಿದಿದ್ದವು.

"ಸಾಕು ಕಣಮ್ಮ. ಕದ್ದೋರು ಕೂರಿಸ್ತಾರೆ, ಕೂರಿಸಿದೋರು ತೋರಿಸ್ತಾರೆ. ಅರಿಶಿನ ಕುಂಕುಮಕ್ಕೆ ಅಂತ ಯಾರ ಮನೆಗೆ ಬೇಕಾದ್ರೂ ಹೋಗ್ಬೋದು."

ನವರಾತ್ರಿ ಶುರುವಾಯಿತು. ನಾಲ್ಕು ಸಂಜೆ ರಾಮಕೃಷ್ಣನಗರದ ಬೀದಿಗಳನ್ನು ಸುತ್ತಿದೆವು. ಹೋದಲ್ಲೆಲ್ಲ ಕಡಲೆಕಾಳು ಉಸಲಿ. ನನಗೆ ಹೊಟ್ಟೆಯುಬ್ಬರ, ಅಕ್ಕನಿಗೆ ಮಂಡಿನೋವು, ರಾಜನ ಸುಳಿವಿಲ್ಲ.

ಐದನೆಯ ಸಂಜೆ, ಮೂರು ಬೀದಿ ಆಚೆಯ ಒಂದು ಮನೆ. ಹಜಾರದ ತುಂಬ ಹೆಂಗಸರು. ಗೊಂಬೆ ಜೋಡಿಸಿದ ಮೇಲಿನ ಮೆಟ್ಟಿಲಲ್ಲಿ ಹೊಸ ರೇಷ್ಮೆಯುಟ್ಟು, ಮೀಸೆ ತಿದ್ದಿಸಿಕೊಂಡು ನಿಂತಿದ್ದ ರಾಜನನ್ನು ನೋಡಿ ಅಕ್ಕನ ಸೆರಗು ಜಗ್ಗಿದೆ.

"ಎಷ್ಟು ಲಕ್ಷಣವಾಗಿದ್ದಾನೆ! ಎಲ್ಲೀದು?" ಅಕ್ಕ ಮನೆಯಾಕೆಯನ್ನು ಕೇಳಿದರು.

"ನಮ್ಮ ತವರಿಂದು ಕಣ್ರೀ."

ಕುಂಕುಮ ಇಡಿಸಿಕೊಳ್ಳುತ್ತಾ ಅಕ್ಕ, "ತುಂಬಾ ಹಳೇದಿರ್ಬೇಕು," ಎಂದರು.

"ಹೂಂ ರೀ, ನಮ್ಮತ್ತೆ ಕಾಲದ್ದು."

"ಹೇಳಿಕೆ ಬದಲಾಯ್ತು," ಎಂದು ಅಕ್ಕ ನನ್ನ ಕಿವಿಯಲ್ಲಿ ಉಸುರಿದರು. ಯಾರೂ ಹಾಡಿ ಎನ್ನದಿದ್ದರೂ ಹಾಡಲು ಕೂತರು. ಶ್ರುತಿಯೂ ಇಲ್ಲ, ತಾಳವೂ ಇಲ್ಲ, ಗಂಟಲು ಮಾತ್ರ ಗಟ್ಟಿ. ಎಲ್ಲರ ಕಣ್ಣೂ ಅವರ ಮೇಲೆ. ನಾನು ಮೆಲ್ಲಗೆ ಕೈ ಚಾಚಿ ರಾಜನ ಪಂಚೆ ಎತ್ತಿದೆ. ಎಡಗಾಲಲ್ಲಿ ಎರಡು ಗುಳಿ! ಕಣ್ಣು ತುಂಬಿ ಬಂತು.

ತಿರುಗಿದರೆ ಮನೆಯಾಕೆ ನನ್ನನ್ನೇ ನೋಡುತ್ತಿದ್ದಳು. ಅಡುಗೆಮನೆಗೆ ಕರೆದೊಯ್ದು ಕೈ ಹಿಡಿದುಕೊಂಡಳು. "ನಮ್ಮನೆ ರಾಜಂಗೆ ಹುಳ ಹಿಡಿದಿತ್ತು ರೀ. ಅತ್ತೆಗೆ ಹೇಳೋಕೆ ಭಯ. ನಿಮ್ಮ ಜಗಲಿ ಮೇಲೆ ಕಂಡಾಗ ಏನು ಬುದ್ಧಿ ಬಂತೋ... ಎತ್ಕೊಂಡು ಬಂದ್ಬುಟ್ಟೆ."

ಬೈಯಬೇಕೆಂದುಕೊಂಡಿದ್ದ ಮಾತೆಲ್ಲ ಮರೆತೇ ಹೋಯಿತು. ಹಾಡು ಮುಗಿಸಿ ನನ್ನನ್ನು ಹುಡುಕಿ ಬಂದಿದ್ದ ಅಕ್ಕ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹಜಾರಕ್ಕೆ ಬಂದು ಎಲ್ಲರಿಗೂ ಕೇಳುವಂತೆ, "ನಿಮ್ಮ ರಾಜನ ಬಣ್ಣ ಇನ್ನೂ ಬಾಕಿ ಇದ್ರೂ ನಮ್ಮ ರಾಜಂಗೆ ಮೊದ್ಲು ಬಣ್ಣ ಹಚ್ಚಿ, ಬಟ್ಟೆ ಉಡಿಸಿ ಕೊಟ್ರಲ್ಲ, ತುಂಬಾ ಉಪಕಾರ ಆಯ್ತು ಕಣ್ರೀ!" ಎಂದರು. ಕುರ್ಚಿಯಲ್ಲಿ ಕೂತಿದ್ದ ಅತ್ತೆ, "ನಮ್ಮ ಸೊಸೆ ಕೈ ಬಲು ಚೆನ್ನ," ಎಂದು ಹಿಗ್ಗಿದರು.

ರಾಜನನ್ನು ಎದೆಗವಚಿಕೊಂಡು ನಡುರಸ್ತೆಯಲ್ಲೇ ನಡೆದೆ. ಪಕ್ಕದಲ್ಲಿ ಅಕ್ಕ, ಮಂಡಿನೋವು ಮರೆತು, ಅದೇ ಹಾಡನ್ನು ಇನ್ನೂ ಜೋರಾಗಿ ಹಾಡುತ್ತಿದ್ದರು. ಗೇಟುಗಳಲ್ಲಿ ನಿಂತವರು ನಕ್ಕರು, ನಾವೂ ನಕ್ಕೆವು. ಆ ಸಂಜೆ ಮೈಸೂರಿನಲ್ಲಿ ನಮ್ಮದಕ್ಕಿಂತ ದೊಡ್ಡ ಮೆರವಣಿಗೆ ಇರಲೇ ಇಲ್ಲ.