ಮರಿಯಮ್ಮನಿಗೆ ಬಿಟ್ಟ ಕೋಳಿ

ಕೋಳಿ ಸಾಕುವುದೇನು ಮಹಾ ವಿದ್ಯೆ ಎನ್ನುವವರನ್ನು ಹಿಡಿದು ತಂದು ಒಂದು ವಾರ ಸುಮನಳ ಅಂಗಳದಲ್ಲಿ ಕೂರಿಸಬೇಕು. ನಾಲ್ಕು ಕಾಳು ಎಸೆದರೆ ತಾವೇ ಬೆಳೆದುಕೊಳ್ಳುತ್ತವೆ, ಸಂಜೆಗೆ ಬುಟ್ಟಿ ಮುಚ್ಚಿದರೆ ಮುಗಿಯಿತು ಎಂದು ಹೇಳುವ ಬಾಯಿಗಳು ಆಮೇಲೆ ತಾವಾಗಿಯೇ ಮುಚ್ಚುತ್ತವೆ. ಒಂದು ಕೋಳಿ ಸಾಕಬಹುದು, ಹತ್ತು ಸಾಕಬಹುದು. ಆದರೆ ಮೊದಲೇ ಬೇರು ಬಿಟ್ಟು ಕೂತ ಹಳೇ ಕೋಳಿಗಳ ನಡುವೆ ಹೊಸ ಎಳೇ ಕೋಳಿಗಳನ್ನು ಸೇರಿಸುವುದಿದೆಯಲ್ಲ, ಅದು ಒಂದೇ ಒಲೆಯ ಮುಂದೆ ಇಬ್ಬರು ಸವತಿಯರನ್ನು ಕೂರಿಸಿದ ಹಾಗೆ. ಅದರಲ್ಲೂ ಹಳೇ ಹಿಂಡಿನ ಯಜಮಾನಿ ದೇವರಿಗೆ ಬಿಟ್ಟ ಕೋಳಿಯಾಗಿದ್ದರೆ ಕೇಳುವುದೇ ಬೇಡ.

ಮುಂಡಗೋಡದ ಆಚೆ, ಕ್ಯಾಂಪಿನ ಟಿಬೆಟಿಯನ್ನರ ಹೊಲಗಳು ಮುಗಿದು ಕಾಡು ಶುರುವಾಗುವ ಕಡೆ ಇವರ ಲಂಬಾಣಿ ತಾಂಡಾ. ಸುಮನ ಇಲ್ಲಿಗೆ ಫೂಲಿಬಾಯಿಯ ಸೊಸೆಯಾಗಿ ಬಂದಳು. ಗಂಡ ಅಜಯ ಗೌಂಡಿ ಕೆಲಸದವನು, ಕೈ ಚುರುಕು, ಮಾತು ಅದಕ್ಕಿಂತ ಚುರುಕು. ಮದುವೆಯಾದ ಎರಡನೆಯ ವರ್ಷಕ್ಕೆ ಗೋವಾಕ್ಕೆ ಕೆಲಸಕ್ಕೆ ಹೋದ. ಮೊದಲ ದೀಪಾವಳಿಗೆ ಬಂದ, ಎರಡನೆಯದಕ್ಕೂ ಬಂದ. ಮೂರನೆಯದಕ್ಕೆ ಬರೀ ಫೋನು ಬಂತು, ಆಮೇಲೆ ಅದೂ ಇಲ್ಲ. ಹುಡುಕಿಕೊಂಡು ಹೋದವರು ಅವನಿದ್ದ ಕಟ್ಟಡದ ಕೆಲಸ ಮುಗಿದು ಬೀಗ ಹಾಕಿದೆ ಎಂದು ಹೇಳಿ ತಿರುಗಿ ಬಂದರು. ಸತ್ತನೆಂದು ಅಳುವಂತಿಲ್ಲ, ಬದುಕಿದ್ದಾನೆಂದು ನಗುವಂತಿಲ್ಲ. ಸುಮನಳ ಕೊರಳಿನ ತಾಳಿ ಇದ್ದಲ್ಲೇ ಇತ್ತು, ಅದನ್ನು ಕಟ್ಟಿದವನು ಮಾತ್ರ ಎಲ್ಲೂ ಇರಲಿಲ್ಲ.

ಆ ಹೊತ್ತಿನಲ್ಲೇ ಫೂಲಿಬಾಯಿ ಹರಕೆ ಹೊತ್ತಳು. ಕೈಗೆ ಸಿಕ್ಕ ಒಂದು ಕರಿ ಹೇಂಟೆ ಮರಿಯನ್ನು ಎತ್ತಿ, ತಾಂಡಾದ ಮರಿಯಮ್ಮನ ಗುಡಿಯ ಮುಂದೆ ಅರಿಶಿನ ಹಚ್ಚಿ, ಹತ್ತು ಮಂದಿ ಕೇಳುವ ಹಾಗೆ ಹೇಳಿದಳು: "ಅವ್ವಾ, ನನ್ನ ಮಗ ಹೊಸ್ತಲಾ ತುಳದ ದಿನ ಇದು ನಿನಗ. ಅಲ್ಲೀತನ ಇದನ್ನ ಯಾರೂ ಮುಟ್ಟಂಗಿಲ್ಲ." ದೇವರಿಗೆ ಬಿಟ್ಟ ಕೋಳಿಗೆ ಒಂದು ಕಟ್ಟಳೆ ಇದೆ. ಅದನ್ನು ಮಾರಬಾರದು, ಹೊಡೆಯಬಾರದು, ಕಟ್ಟಬಾರದು, ಬುಟ್ಟಿಯಲ್ಲಿ ಮುಚ್ಚಬಾರದು. ತನ್ನ ದಿನ ಬರುವ ತನಕ ಅದು ಮನಸ್ಸಿಗೆ ಬಂದ ಹಾಗೆ ತಿರುಗಬೇಕು. ಆ ಮರಿ ತಿರುಗಿತು, ತಿಂದಿತು, ಬೆಳೆಯಿತು, ಮೊಟ್ಟೆ ಇಡುವ ವಯಸ್ಸು ದಾಟಿ ಮುದಿಯಾಯಿತು. ಅಜಯ ಬರಲಿಲ್ಲ.

ಇದರಿಂದ ಸುಮನಳಿಗಾದ ಸಂಕಟ ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ಒಮ್ಮೆ ಅವಳ ಅಣ್ಣ ತಾಂಡಾದ ನಾಯ್ಕ ಥಾವರೆಪ್ಪನ ಕಟ್ಟೆಗೆ ಬಂದು, ತಂಗಿಯನ್ನು ಬಿಡುಗಡೆ ಮಾಡಿಕೊಡಿ, ಬೇರೆ ಕಡೆ ಮದುವೆ ಮಾಡುತ್ತೇವೆ ಎಂದು ಕೈಮುಗಿದು ಕೇಳಿದ. ಥಾವರೆಪ್ಪ ಕೆಟ್ಟವನಲ್ಲ, ಆದರೆ ಕಟ್ಟಳೆ ಬಿಟ್ಟು ಒಂದು ಹೆಜ್ಜೆ ಇಡುವವನೂ ಅಲ್ಲ. ಮೀಸೆ ಸವರಿಕೊಂಡು ಹೇಳಿದ: "ತಮ್ಮಾ, ಹರಕೀ ಕೋಳಿ ಅಂಗಳದಾಗ ತಿರಗ್ಯಾಡೂತನಾ ಅಜಯ ಬರ್ತಾನ ಅಂತನ ಲೆಕ್ಕ. ಬರೂ ಗಂಡನ ಹೇಂತೀನ್ನ ಬಿಡಿಸಿ ಕೊಡು ಅಂದ್ರ ನಾ ಹೆಂಗ ಕೊಡ್ಲಿ? ಅಂವಾ ಬಂದು ಬಾಯಿಬಿಟ್ಟು ಹೇಳ್ಬೇಕು, ಇಲ್ಲಾ ಆ ಹರಕಿ ತೀರ್ಬೇಕು." ಅಷ್ಟೆ. ಒಬ್ಬ ಹೆಣ್ಣುಮಗಳ ಬಾಳಿಗೆ ಒಂದು ಕರಿ ಕೋಳಿ ಕಾವಲು ಕೂತಿತು.

ತಂಗಿಯನ್ನು ಬಿಡಿಸಲಾಗದ ಅಣ್ಣ ಹಳಿಯಾಳದ ಸಂತೆಯಿಂದ ಒಂದು ಬುಟ್ಟಿ ತುಂಬ ಎಳೇ ಜವಾರಿ ಹೇಂಟೆಗಳನ್ನು ತಂದಿಳಿಸಿದ. "ಕ್ಯಾಂಪಿನ ಹೋಟೆಲಿನ ಮಂದಿ ಜವಾರಿ ತತ್ತಿ ಅಂದ್ರ ಜೀವಾ ಬಿಡ್ತಾರ. ಇವು ಉಳದ್ರ ನೀ ಶುಂಠಿ ಹೊಲಕ್ಕ ಕೂಲಿಗೆ ಹೋಗೂದು ತಪ್ಪತೈತಿ. ನಿನ್ನ ಕಾಲ ಮ್ಯಾಲ ನೀ ನಿಂದ್ರು," ಎಂದ. ಸುಮನ ಬುಟ್ಟಿಯೊಳಗೆ ಇಣುಕಿ ನೋಡಿದಳು. ಕೆಂಪು, ಬೂದು, ಚುಕ್ಕಿ ಚುಕ್ಕಿ, ಎಲ್ಲ ಬಣ್ಣದವೂ ಇದ್ದವು. ಈ ಮನೆಗೆ ಬಂದ ಮೇಲೆ ನನ್ನದು ಎಂದು ಅವಳು ಹೇಳಿದ ಮೊದಲ ವಸ್ತು ಅವು. ಅವತ್ತು ಅವಳಿಗೆ ಆದ ಸಂತೋಷಕ್ಕೆ ಅವಳಿಗೇ ನಾಚಿಕೆಯಾಯಿತು.

ಶುರುವಿಗೆ ಎಲ್ಲವೂ ಕ್ರಮವಾಗಿಯೇ ನಡೆಯಿತು. ಫೂಲಿಬಾಯಿಯೇ ಮುಂದೆ ನಿಂತು ಒಂದೊಂದು ಕೋಳಿಯನ್ನೂ ಒಲೆಯ ಸುತ್ತ ಮೂರು ಸುತ್ತು ಸುತ್ತಿಸಿ, ಕಾಲಿಗೆ ಬೂದಿ ಒರೆಸಿದಳು. ಹಾಗೆ ಮಾಡಿದರೆ ಕೋಳಿ ಮನೆ ಬಿಟ್ಟು ಹೋಗುವುದಿಲ್ಲವೆಂದು ನಂಬಿಕೆ. ಸುಮನಳನ್ನು ಮದುವೆಯಾಗಿ ಕರೆತಂದ ದಿನವೂ ಅದೇ ಒಲೆಯ ಮುಂದೆ ಕೂರಿಸಿದ್ದರು, ಬೂದಿ ಒರೆಸಿರಲಿಲ್ಲ ಅಷ್ಟೆ. ಆಮೇಲೆ ಸುಮನ ಅಂಗಳದ ಮೂಲೆಯಲ್ಲಿ ಹಳೇ ನೈಲಾನ್ ಬಲೆ ಕಟ್ಟಿ ಹೊಸವನ್ನು ಅದರೊಳಗೆ ಬಿಟ್ಟಳು. ಅತ್ತೆಯ ಹಳೇ ಕೋಳಿಗಳು ಹೊರಗೆ, ಹೊಸವು ಒಳಗೆ, ನಡುವೆ ಬಲೆ. ಒಂದಷ್ಟು ದಿನ ಪರಸ್ಪರ ಮುಖ ನೋಡಿಕೊಂಡು ಕೋಪ ತಣ್ಣಗಾಗಲಿ ಎಂದು. ಹಳೇ ಕೋಳಿಗಳು ಬಂದು ಬಂದು ನೋಡಿ, ಕೊಕ್ಕಿನಿಂದ ಬಲೆ ಕುಟುಕಿ, ಕಡೆಗೆ ಬೇಸರ ಬಂದು ತಮ್ಮ ಪಾಡಿಗೆ ಕೆದರತೊಡಗಿದವು.

ಬಲೆ ಬಿಚ್ಚಿದ ದಿನ ಸುಮನ ಕೂಲಿಗೆ ಹೋಗಲಿಲ್ಲ. ಗೋವಿನಜೋಳದ ನುಚ್ಚನ್ನು ಒಂದೇ ಕಡೆ ಹಾಕದೆ ಅಂಗಳದ ತುಂಬ ಚೆಲ್ಲಿದಳು, ನೀರಿನ ತಾಟುಗಳನ್ನು ದೂರ ದೂರ ಇಟ್ಟಳು. ಎರಡು ಜಗಳ, ನಾಲ್ಕು ಕುಟುಕು, ಒಂದಿಷ್ಟು ಗರಿ. ಅಷ್ಟಕ್ಕೆ ಮುಗಿಯುತ್ತಿತ್ತು. ಆದರೆ ಕರಿ ಕೋಳಿ ಬಂತು. ಉಳಿದವು ಕುಟುಕಿ ಸುಮ್ಮನಾಗುತ್ತವೆ, ಇದು ಸುಮ್ಮನಾಗುವ ಜಾತಿಯಲ್ಲ. ವರ್ಷಗಟ್ಟಲೆ ಯಾರೂ ಹಚಾ ಎನ್ನದೆ ಬೆಳೆದ ಕೋಳಿ ಅದು. ಹೊಸವುಗಳಲ್ಲಿದ್ದ ಚುಕ್ಕಿ ಕೋಳಿಯ ಮೇಲೆ ಹತ್ತಿ ಕೂತು ನೆತ್ತಿಯನ್ನೇ ಕುಕ್ಕಿತು. ರಕ್ತ ಕಂಡದ್ದೇ ತಡ, ಅಷ್ಟು ಹೊತ್ತು ಮರ್ಯಾದೆಯಿಂದ ಇದ್ದ ಉಳಿದ ಕೋಳಿಗಳೂ ಸೇರಿಕೊಂಡವು. ಸುಮನ ಅರಿಶಿನ, ಬೇವಿನೆಣ್ಣೆ ಎಲ್ಲ ಹಚ್ಚಿ ನೋಡಿದಳು. ಚುಕ್ಕಿ ಉಳಿಯಲಿಲ್ಲ.

ಪಕ್ಕದ ಮನೆಯ ಗಿರಿಜಾಬಾಯಿ ಬೇಲಿಯ ಆಚೆಯಿಂದ ಬುದ್ಧಿ ಹೇಳಿದಳು. "ಆ ಮುದಿ ಹ್ಯಾಂಟೀನ್ನ ನಾಕ ದಿನಾ ಬುಟ್ಟಿ ಕೆಳಗ ಹಾಕಿಡವಾ. ಹೊರಗ ಬರೂದ್ರಾಗ ಅದರ ಸೊಕ್ಕು ಇಳದಿರ್ತೈತಿ. ಆಮ್ಯಾಲ ಹೊಸದಾಗಿ ಬಂದಂಗ ಅದ ತಲಿ ತಗ್ಗಿಸಿ ಇರ್ತೈತಿ." ಅಷ್ಟು ಹೇಳಿದವಳು ತಟ್ಟನೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ನನ್ನ ಬಾಯಿಗಿಷ್ಟು! ಅದು ಹರಕೀದಲ್ಲೇನು!"

ಹರಕೆಯದೇ. ಹಾಗಾಗಿ ಕುಕ್ಕಿ ಕೊಂದ ಕೋಳಿ ಅಂಗಳದ ತುಂಬ ತಿರುಗಿತು, ಕುಕ್ಕಿಸಿಕೊಂಡವು ತಿರುಗಿ ಬಲೆಯೊಳಗೆ ಹೋದವು. ಬಲೆಯೊಳಗೆ ಎಷ್ಟು ದಿನ ಇದ್ದಾವು? ಬೆಳೆಯುವ ವಯಸ್ಸಿನ ಕೋಳಿಗೆ ಕೆದರಲು ಮಣ್ಣು ಬೇಕು, ಹಾರಲು ಜಾಗ ಬೇಕು. ಇಕ್ಕಟ್ಟಿನಲ್ಲಿ ಒಂದರ ಗರಿ ಇನ್ನೊಂದು ಕೀಳತೊಡಗಿತು. ಮೊಟ್ಟೆ ಇಡುವ ಹೊತ್ತು ಬಂದರೂ ಒಂದೂ ಇಡಲಿಲ್ಲ. ಬಿಟ್ಟರೆ ಕರಿ ಕೋಳಿ ಕೊಲ್ಲುತ್ತಿತ್ತು, ಇಟ್ಟುಕೊಂಡರೆ ಬಲೆ ಕೊಲ್ಲುತ್ತಿತ್ತು. ಸುಮನ ಒಂದೊಂದು ಸಲ ಕೂಲಿಯಿಂದ ಬಂದು ಬಲೆಯ ಮುಂದೆ ಕೂತು ಸುಮ್ಮನೆ ನೋಡುತ್ತಿದ್ದಳು. ಅವಳಿಗೆ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ತವರಿಗೆ ಹೋಗಿ ನಾಲ್ಕು ದಿನ ಇರೋಣವೆಂದರೆ, "ಮಗಾ ಬಂದಾಗ ಮನಿ ಬಾಗಲಾ ತೆಗ್ಯಾಕ ಹೇಂತಿ ಇರಬ್ಯಾಡೇನು?" ಎಂದು ಅತ್ತೆ ಬಾಗಿಲಿಗೇ ಬಂದು ನಿಲ್ಲುತ್ತಿದ್ದಳು. ಬರುವವನು ಬಾರದಿದ್ದರೂ ಅವನ ದಾರಿ ಮಾತ್ರ ಸುಮನಳ ಕಾಲಿಗೇ ಸುತ್ತಿಕೊಂಡಿತ್ತು.

ಫೂಲಿಬಾಯಿಯನ್ನು ರಾಕ್ಷಸಿ ಎಂದು ತಿಳಿಯಬೇಡಿ. ಸುಮನಳಿಗೆ ಜ್ವರ ಬಂದರೆ ತಲೆದೆಸೆಯಲ್ಲಿ ಕೂತು ಒದ್ದೆ ಬಟ್ಟೆ ಹಾಕುವವಳು ಅವಳೇ. ಮೊದಲ ರೊಟ್ಟಿ ಸೊಸೆಯ ತಾಟಿಗೇ ಬೀಳುತ್ತಿತ್ತು. ಸೊಸೆ ಕೆಲಸದಿಂದ ಬರುವುದು ಸ್ವಲ್ಪ ತಡವಾದರೂ ರಸ್ತೆಯ ತನಕ ನಡೆದು ಬಂದು ನಿಂತಿರುತ್ತಿದ್ದಳು. ಪ್ರೀತಿಯೋ ಪಹರೆಯೋ ಎಂದು ಸುಮನಳಿಗೆ ಬಗೆಹರಿಯುತ್ತಿರಲಿಲ್ಲ.

ಒಂದು ಸಂಜೆ ಸುಮನ ಬರುವಷ್ಟರಲ್ಲಿ ಬಲೆಯ ಒಂದು ಮಗ್ಗುಲು ಹರಿದಿತ್ತು. ಒಳಗೆ ತಾಳಲಾರದ ಎಳೇ ಕೋಳಿಗಳು ತಾವೇ ನುಗ್ಗಿ ಹರಿದಿದ್ದವು. ಎರಡು ಮಣ್ಣಿನಲ್ಲಿ ಬಿದ್ದಿದ್ದವು, ನೆತ್ತಿಯ ಮೇಲೆ ಚರ್ಮವೇ ಇರಲಿಲ್ಲ. ಉಳಿದವು ಬಚ್ಚಲ ಸಂದಿಯಲ್ಲಿ ಒಂದರ ಮೇಲೊಂದು ಸೇರಿ ನಡುಗುತ್ತಿದ್ದವು. ಕರಿ ಕೋಳಿ ಅಂಗಳದ ನಡುವೆ ನಿಂತು ನಿಧಾನವಾಗಿ ನುಚ್ಚು ಹೆಕ್ಕುತ್ತಿತ್ತು.

ಸುಮನ ಕೈಲಿದ್ದ ಬುತ್ತಿ ಡಬ್ಬಿಯನ್ನು ಎಸೆದಳು. ಗೋಡೆಗೆ ಒರಗಿಸಿದ್ದ ದೊಡ್ಡ ಬುಟ್ಟಿಯನ್ನು ಎಳೆದು ತಂದು ಕರಿ ಕೋಳಿಯ ಮೇಲೆ ಕವುಚಿ, ಮೇಲೊಂದು ಕಲ್ಲು ಹೇರಿದಳು.

ಫೂಲಿಬಾಯಿ ಒಳಗಿನಿಂದ ಓಡಿ ಬಂದಳು. "ತೆಗಿ! ಏ ಸುಮನಾ, ತೆಗಿ ಮೊದಲ! ಮರಿಯಮ್ಮಗ ಬಿಟ್ಟದ್ದದು. ನನ್ನ ಮಗಗ ಏನರೆ ಆತಂದ್ರ..."

"ಏನ ಆಗಬೇಕ್ರಿ ಇನ್ನ?" ಸುಮನಳ ದನಿ ಅವಳಿಗೇ ಗುರುತು ಸಿಗದ ಹಾಗಿತ್ತು. "ಇಷ್ಟ ವರ್ಷ ಬರದಾಂವ ಇನ್ನ ಬರ್ತಾನೇನ್ರಿ? ನಿಮ್ಮ ಮಗಾ ಸತ್ತಾನ. ಸತ್ತಾನಂತನ ಬಂದಿಲ್ಲ. ಸತ್ತಾಂವನ ಕೋಳಿ ಸಲುವಾಗಿ ಇದ್ದಾವೆಲ್ಲಾ ಸಾಯಬೇಕೇನು?"

"ಬಿಡ್ತು ಅನ್ನು!" ಮುದುಕಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಚೀರಿದಳು. "ಬಿಡ್ತು ಅನ್ನು, ನನ್ನ ಮಗಾ ಸತ್ತಿಲ್ಲ! ಬಂದಿದ್ದ ಅಂವಾ! ಈ ಕಣ್ಣಿಲೆ ನೋಡೇನಿ, ಬಂದಿದ್ದ!"

ಹೇಳಿಬಿಟ್ಟಿದ್ದಳು. ಜೀವಂತ ಮಗನನ್ನು ಸತ್ತನೆಂದರೆ ಯಾವ ತಾಯಿಯ ನಾಲಿಗೆ ಸುಮ್ಮನಿದ್ದೀತು? ಆಡಿದ ಮಾತು, ಒಡೆದ ಮುತ್ತು. ಫೂಲಿಬಾಯಿ ಕೈ ಕೆಳಗಿಳಿಸಿದಳು, ಸೊಸೆಯ ಮುಖ ನೋಡಿದಳು, ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತಳು.

"ಯಾವಾಗ?" ಎಂದಳು ಸುಮನ.

"ಹ್ವಾದ ವರ್ಷ. ನೀ ಶುಂಠಿ ಕೀಳಾಕ ಹೋಗಿದ್ದಿ." ಫೂಲಿಬಾಯಿ ನೆಲ ನೋಡುತ್ತಲೇ ಹೇಳಿದಳು. "ಗ್ವಾವಾದಾಗ ಇನ್ನೊಬ್ಬಾಕೀನ್ನ ಇಟಗೊಂಡಾನ. ಒಂದು ಕೂಸೂ ಐತಂತ. ನಾಯ್ಕರ ಮುಂದ ಕುಂತು ನಿನ್ನ ಬಿಡುಗಡಿ ಮಾಡಿ ಹೋಗ್ತೇನಿ ಅಂತ ಬಂದಿದ್ದ. ಒಳಗ ಬರಾಕ ಕಾಲ ಎತ್ತಿದ. ನಾನ ಬಾಗಲಕ್ಕ ಅಡ್ಡ ನಿಂತೆ. ಹೊಸ್ತಲಾ ತುಳೀಗೊಡಲಿಲ್ಲ. ನಾಯ್ಕರ ಕಟ್ಟೀಗೂ ಹೋಗಬ್ಯಾಡ ಅಂತ ಆಣಿ ಹಾಕಿ, ಮಂದಿ ಹೊಲದಿಂದ ಬರೂದ್ರಾಗ ತಿರುಗಿ ಕಳಿಸಿದೆ."

"ಯಾಕ?"

"ತುಳದ್ರ ಹರಕಿ ತೀರತಿತ್ತು." ಮುದುಕಿ ತಲೆ ಎತ್ತಿದಳು. "ಅಂವಾ ಹೆಂಗೂ ಹೋಗಾಂವ. ನೀನೂ ಹೋಗ್ತಿದ್ದಿ. ನನಗ್ಯಾರು?"

ಸುಮನಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಒಂದು ವರ್ಷ ಇಡೀ, ಬಂದು ಹೋದವನಿಗಾಗಿ ಅವಳು ಪ್ರತಿ ಬಸ್ಸಿನ ಸದ್ದಿಗೂ ಕಿವಿ ಕೊಟ್ಟಿದ್ದಳು. ಆಮೇಲೆ ಸಿಟ್ಟು ಬಂತು, ಕಾಲಿನಿಂದ ನೆತ್ತಿಯ ತನಕ ಉರಿಯುತ್ತ ಬಂತು. ಈ ಮುದುಕಿಯ ಕುತ್ತಿಗೆ ಹಿಸುಕಬೇಕೆನಿಸಿತು. ಅದೇ ಹೊತ್ತಿಗೆ ಅವಳ ಪಕ್ಕ ಕೂತು ಗೋಳೋ ಎಂದು ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

"ಯಾರ ಮುಂದೂ ಹೇಳಬ್ಯಾಡವಾ," ಎಂದಳು ಫೂಲಿಬಾಯಿ. "ಕೋಳೀನ್ನ ಬೇಕಾರ ಬುಟ್ಟ್ಯಾಗನ ಇಡು. ನಾ ಬ್ಯಾಡ ಅನ್ನೂದಿಲ್ಲ. ನಿನ್ನ ಕೋಳಿ ಉಳೀಲಿ. ನೀ ಉಳಿ."

ಬೇಡುವವರು ಹೀಗೆ ಬೇಡಿದರೆ ಕಲ್ಲೂ ಕರಗುತ್ತದೆ. ಸುಮ್ಮನಿದ್ದುಬಿಟ್ಟರೆ ಮುಗಿಯಿತು. ಕೋಳಿಗಳು ಬೆಳೆಯುತ್ತವೆ, ಮೊಟ್ಟೆ ಇಡುತ್ತವೆ, ಅತ್ತೆಯ ಮಾನ ಉಳಿಯುತ್ತದೆ. ತಾನು ಮಾತ್ರ ಇದೇ ಅಂಗಳದಲ್ಲಿ, ಯಾರದೋ ಗಂಡನ ಹೆಂಡತಿಯಾಗಿ, ಈ ಮುದುಕಿಯ ಹಾಗೆಯೇ ಮುದುಕಿಯಾಗುತ್ತೇನೆ ಎಂದು ಸುಮನಳಿಗೆ ಹೊಳೆಯಿತು. ಅವಳಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಅವಳು ಬೇಲಿಯ ಹತ್ತಿರ ಹೋದಳು. ಕೂಗಾಟ ಕೇಳಿ ಗಿರಿಜಾಬಾಯಿ ಆಗಷ್ಟೇ ಅಲ್ಲಿಗೆ ಬಂದು ನಿಂತಿದ್ದಳು, ಅವಳ ಹಿಂದೆ ಇನ್ನೂ ನಾಲ್ಕು ಹೆಂಗಸರು.

"ಗಿರಿಜವ್ವಾ, ನಾಯ್ಕರನ್ನ ಕರಕೊಂಡ ಬರ್ರಿ," ಎಂದಳು ಸುಮನ. "ಹರಕಿ ತೀರಿಸೂದೈತಿ."

ಗಿರಿಜಾಬಾಯಿಯ ಮುಖ ಅರಳಿತು. "ಅಯ್ಯ, ಅಜಯ ಬಂದನೇನವಾ?"

ಹೊಸ್ತಿಲ ಮೇಲೆ ಕೂತಿದ್ದ ಫೂಲಿಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಬಂದಿದ್ದ," ಎಂದಳು ಸುಮನ, ಎಲ್ಲರಿಗೂ ಕೇಳುವ ಹಾಗೆ. "ಹ್ವಾದ ವರ್ಷನ ಬಂದಿದ್ದ."

ಗಿರಿಜಾಬಾಯಿ ಒಮ್ಮೆ ಇವಳನ್ನು, ಒಮ್ಮೆ ಹೊಸ್ತಿಲ ಮೇಲಿದ್ದವಳನ್ನು ನೋಡಿ, ನಾಯ್ಕನ ಮನೆಯ ಕಡೆ ನಡೆದಳು. ಉಳಿದವರು ಒಬ್ಬೊಬ್ಬರಾಗಿ ಸರಿದರು. ಫೂಲಿಬಾಯಿ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಸುಮನ ಹೊರಗೇ ನಿಂತಿದ್ದಳು. ಬಾಗಿಲಿಗೆ ಅಡ್ಡವಾಗಿ ಈಗ ಯಾರೂ ಇರಲಿಲ್ಲ, ಆದರೆ ಯಾವ ಕಡೆ ಹೆಜ್ಜೆ ಇಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಒಳಗೆ ಒಲೆ ಊದುವ ಸದ್ದಾಯಿತು. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು.

"ಸುಮನಾ," ಎಂದು ಒಳಗಿನಿಂದ ದನಿ ಬಂತು. "ಇಬ್ರಿಗೆ ರೊಟ್ಟಿ ಬಡೀಲೋ, ಒಬ್ಬಾಕಿಗೆ ಬಡೀಲೋ?"

ಸುಮನ ಹೊಸ್ತಿಲ ಹತ್ತಿರ ಬಂದು ನಿಂತಳು.

"ಇವತ್ತಿಗೆ ಇಬ್ರಿಗೆ ಬಡೀರಿ."