ಡಿಸ್ಕಿಗೆ ಹಚ್ಚಿದ ಕುಂಕುಮ

ನಮ್ಮದು ವಿಶ್ರಾಮಬಾಗದಲ್ಲಿ ಸೈಕಲ್ ಅಂಗಡಿ. ಮಾವನವರು ಅದನ್ನು ತೆರೆದಾಗ ಸಾಂಗಲಿ ಬೇರೆ, ಮಿರಜ ಬೇರೆ, ನಡುವೆ ಹೊಲ. ನಾನು ಮದುವೆಯಾಗಿ ಬಂದಾಗ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ ಎದ್ದಿತ್ತು. ಮಗಳು ಕಾಲೇಜು ಮುಗಿಸುವ ಹೊತ್ತಿಗೆ ಹುಡುಕಿದರೂ ಹೊಲ ಸಿಗುತ್ತಿರಲಿಲ್ಲ. ಸೈಕಲ್ಲಿನದೂ ಅದೇ ಕಥೆ. ಮೊದಲು ಕರಿ ಸೈಕಲ್ ಒಂದೇ ಜಾತಿ. ಆಮೇಲೆ ದಪ್ಪ ಗಾಲಿಯವು ಬಂದವು, ಗೇರಿನವು ಬಂದವು, ಗುಲಾಬಿ ಬಣ್ಣದವು ಬಂದವು. ಪ್ರತಿ ಸಲವೂ ನಾನು "ಇದನ್ನ ಯಾರ್ ತೊಗೋತಾರ್ರಿ?" ಎಂದಿದ್ದೇನೆ, ಪ್ರತಿ ಸಲವೂ ಯಾರೋ ತೆಗೆದುಕೊಂಡು ಹೋಗಿದ್ದಾರೆ. ನಾನು ಹೀಗಳೆದ ಮಾಲು ಬೇಗ ಖಾಲಿಯಾಗುತ್ತದೆ ಎಂಬುದು ಮನೆಯವರ ಅನುಭವ. ದೇವರು ಯಾರ ಬಾಯಲ್ಲಿ ಏನು ಇಟ್ಟಿರುತ್ತಾನೋ.

ಆ ವರ್ಷ ನವರಾತ್ರಿಗೆ ಮುಂಚೆ ಪುಣೆಯ ವ್ಯಾಪಾರಿಯೊಬ್ಬರು ಹೊಸ ಹಂಗಾಮಿನ ನಾಲ್ಕು ಗಾಡಿ ಕಳಿಸಿದರು. ಎರಡು ಡೌನ್‌ಹಿಲ್, ಎರಡು ಫ್ರೀರೈಡ್. ಜನಕ್ಕೆ ತೋರಿಸಿ, ಹೋಗದಿದ್ದರೆ ವಾಪಸ್ ಕಳಿಸಿ ಎಂಬ ಮಾತಿನ ಮೇಲೆ. ತರಿಸಿದವಳು ಮಗಳು. ಪೆಟ್ಟಿಗೆ ಬಿಚ್ಚಿದ ದಿನ ನಾನು ಚಹಾ ತೆಗೆದುಕೊಂಡು ಹೋಗಿ ನೋಡಿದರೆ, ಮುಂದಿನ ಕಾಲುಗಳು ಮೋಟರ್ ಸೈಕಲ್ಲಿನಷ್ಟು ದಪ್ಪ, ಹಿಂದೆ ದೊಡ್ಡ ಸ್ಪ್ರಿಂಗು, ಸೀಟು ಮಾತ್ರ ನಮ್ಮ ಹೂರಣದ ಸೌಟಿನಷ್ಟು. ಕ್ಯಾರಿಯರ್ ಇಲ್ಲ, ಮಡಗಾರ್ಡ್ ಇಲ್ಲ, ಸ್ಟ್ಯಾಂಡೂ ಇಲ್ಲ.

"ಪೂರ್ತಿ ಜೋಡಿಸಿಲ್ಲೇನು ಇನ್ನೂ?" ಎಂದೆ.

"ಆಯಿ, ಇದು ಪೂರ್ತಿನ ಐತಿ," ಎಂದಳು ಮಗಳು. "ಇದು ಗುಡ್ಡ ಇಳ್ಯಾಕ. ಆ ಬಾಜೂದು ಜಿಗ್ಯಾಕ."

"ಮತ್ತ ಏರಾಕ?"

"ಏರಾಕ ಟೆಂಪೋದಾಗ ಹಾಕ್ಕೊಂಡು ಹೋಗೂದು."

ನನ್ನ ಗಂಡ ಚಹಾದ ಕಪ್ಪಿನೊಳಗೆ ಮುಖ ಹುದುಗಿಸಿದರು. ಊರೆಲ್ಲ ಅಂಗೈಯಷ್ಟು ಸಪಾಟು. ಇಲ್ಲಿ ಎತ್ತರದಿಂದ ಇಳಿಯಬೇಕೆಂದರೆ ರೈಲ್ವೆ ಸೇತುವೆ ಒಂದೇ. "ಇದನ್ನ ಯಾರ್ ತೊಗೋತಾರ..." ಎಂದು ನಾನು ಶುರುಮಾಡಿದ್ದೇ ತಡ, ಇಬ್ಬರೂ ಒಟ್ಟಿಗೇ "ಪೂರಾ ಅನ್ನು, ಪೂರಾ ಅನ್ನು!" ಎಂದರು.

ನಗೆ ಅಷ್ಟಕ್ಕೇ ಮುಗಿಯಿತು. ಒಳಗೆ ಒಂದು ಕರಾರಿತ್ತು. ಅಂಗಡಿಯ ಎಡಗಡೆಯ ಅರ್ಧ ಭಾಗ ಇಂಥ ಗಾಡಿಗಳಿಗೆ ಕೊಡಬೇಕು, ಅದನ್ನು ತಾನೇ ನಡೆಸಬೇಕು ಎಂದು ಮಗಳ ಹಟ. ಇಚಲಕರಂಜಿಯಿಂದ ಒಂದು ಒಳ್ಳೆಯ ಗಂಡಿನ ಸಂಬಂಧ ಬಂದಿದೆ, ಮೊದಲು ಅದನ್ನು ನೋಡಬೇಕು ಎಂದು ಅವಳಪ್ಪನ ಹಟ. ಕೊನೆಗೆ ಅವರೇ ಹೇಳಿದರು: "ದಸರಾ ದಿನ ದಂಡೋಬಾ ಗುಡ್ಡದಾಗ ನಾಕ ಮಂದೀನ ಕರದು ಇಳದು ತೋರ್ಸು. ಮಂದಿಗೆ ಮನಸಿಗೆ ಬಂತಂದ್ರ ಆ ಬಾಜು ನಿಂದು. ಇಲ್ಲಂದ್ರ ಗಾಡಿ ಪುಣೆಕ್ಕ, ನೀ ಸುಮ್ಮ ಸೀರಿ ಉಟ್ಟು ಕುಂದರ್ಬೇಕು."

"ನಡೀತೈತಿ," ಎಂದಳು ಮಗಳು.

ನಾನು ಯಾರ ಕಡೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಕಷ್ಟವಾಗುತ್ತಿತ್ತು. ಬಸದಿಯಲ್ಲಿ ನಿಂತು, ಮಗಳ ಮನಸ್ಸಿನಂತೆ ಆಗಲಿ ಎಂದು ಒಂದು ಸಲ ಕೈಮುಗಿದೆ. ಇಚಲಕರಂಜಿಯವರೂ ಭಾಳ ಒಳ್ಳೆಯ ಜನ ಎಂದು ನೆನಪಾಗಿ, ಅದೂ ಆಗಲಿ ಎಂದು ಇನ್ನೊಂದು ಸಲ ಮುಗಿದೆ. ನಮ್ಮ ಧರ್ಮದಲ್ಲಿ ಜಿನನು ಯಾರಿಗೂ ಏನೂ ಕೊಡುವವನಲ್ಲ, ಬೇಡಬಾರದು ಎಂದು ನಮ್ಮ ಮುನಿ ಮಹಾರಾಜರು ಪ್ರವಚನದಲ್ಲಿ ಎಷ್ಟೋ ಸಲ ಹೇಳಿದ್ದಾರೆ. ನಾನು ತಲೆಯಾಡಿಸಿ ಕೇಳಿ, ಹೊರಗೆ ಬರುವಾಗ ಏನಾದರೊಂದು ಬೇಡಿಕೊಂಡೇ ಬರುತ್ತೇನೆ.

ಖಂಡೇನವಮಿ ಬಂತು. ಹಿಂಸೆ ಬೇಡವೆನ್ನುವ ಜೈನರ ಮನೆಯಲ್ಲಿ ಆಯುಧದ ಪೂಜೆ ಎಂಥದ್ದು ಎಂದು ಕೇಳಬೇಡಿ. ನಮ್ಮ ಆಯುಧವೆಂದರೆ ಈಳಿಗೆ, ಹೊಲಿಗೆ ಯಂತ್ರ, ಅಂಗಡಿಯಲ್ಲಿ ನಟ್ಟು ತಿರುಗಿಸುವ ಪಾನಾ, ಗಾಳಿ ಹೊಡೆಯುವ ಪಂಪು. ಎಲ್ಲಕ್ಕೂ ಅರಿಸಿನ ಕುಂಕುಮ, ಚೆಂಡು ಹೂವು. ಮಗಳು ಗೆಳತಿಯ ಜೊತೆ ಗುಡ್ಡದ ದಾರಿಗೆ ಸುಣ್ಣದ ಗುರುತು ಹಾಕಲು ಹೋಗಿದ್ದಳು. ಇವರು ಬಾಗಿಲಿಗೆ ತೋರಣ ಕಟ್ಟುತ್ತಿದ್ದರು. ನಾನು ಹೊಸ ಗಾಡಿಗಳ ಮುಂದೆ ಆರತಿ ತಟ್ಟೆ ಹಿಡಿದು ನಿಂತೆ.

ಎಲ್ಲಿ ಹಚ್ಚುವುದು? ಹ್ಯಾಂಡಲ್ಲಿಗೆ ರಬ್ಬರು, ಮೈಗೆಲ್ಲ ಬಣ್ಣದ ಚಿತ್ರ. ಗಾಲಿಯ ನಡುವೆ ಮಾತ್ರ ಒಂದು ದುಂಡನೆಯ ಉಕ್ಕಿನ ಬಿಲ್ಲೆ, ಸುತ್ತಲೂ ತೂತು ತೂತು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಬಸದಿಯ ಧರ್ಮಚಕ್ರವೇ ನೆನಪಾಯಿತು. ದೇವರೇ ಜಾಗ ತೋರಿಸಿದ ಎಂದುಕೊಂಡೆ. ನೀರಲ್ಲಿ ಕಲಸಿದ ಕುಂಕುಮ ಅದರ ಮೇಲೆ ನಿಲ್ಲಲಿಲ್ಲ, ಜಾರಿ ಇಳಿಯಿತು. ಹೊಲಿಗೆ ಯಂತ್ರಕ್ಕೆ ನಾನು ಯಾವಾಗಲೂ ಮಾಡುವ ಉಪಾಯ ಮಾಡಿದೆ: ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದೆ. ಆಹಾ, ಹೇಗೆ ಕೂತಿತು! ಮುಂದಿನ ಗಾಲಿಗೆ ಹಚ್ಚಿ ಹಿಂದಿನದನ್ನು ಬಿಟ್ಟರೆ ಭೇದ ಮಾಡಿದಂತೆ. ನಾಲ್ಕೂ ಗಾಡಿಯ ಎಂಟೂ ಬಿಲ್ಲೆಗೆ, ಎರಡೂ ಮಗ್ಗುಲಿಗೆ, ಧಾರಾಳವಾಗಿ ಹಚ್ಚಿದೆ. ಸರಿಯಾಗಿ ಹತ್ತಲಿ ಎಂದು ಗಾಲಿ ತಿರುಗಿಸಿಯೂ ಬಿಟ್ಟೆ. ಇವರು ದೂರದಿಂದ ನೋಡಿ, "ಛಲೋ ಕಾಣ್ತಾವ," ಎಂದರು. ಆ ಮಾತನ್ನು ನಾನು ಇವತ್ತಿಗೂ ಅವರಿಗೆ ನೆನಪು ಮಾಡಿಕೊಡುತ್ತಿರುತ್ತೇನೆ.

ಮರುದಿನ ಬೆಳಿಗ್ಗೆ ಗುಡ್ಡದ ಮೇಲೆ ಜನ ಸೇರಿದ್ದರು. ಮಿರಜದ ಒಬ್ಬ ಡಾಕ್ಟರು, ಇಬ್ಬರು ಪ್ರೊಫೆಸರು, ಇಂಜಿನಿಯರಿಂಗ್ ಕಾಲೇಜಿನ ಒಂದು ಗುಂಪು. ನಾನು ಎಲ್ಲರಿಗೂ ಚುರಮುರಿ ಹಂಚುತ್ತಿದ್ದೆ. ಮಗಳು ತಲೆಗೆ ಆ ದೊಡ್ಡ ಟೋಪಿ ಹಾಕಿ, ಮೊಣಕಾಲಿಗೆ ಕವಚ ಕಟ್ಟಿ ಡೌನ್‌ಹಿಲ್ ಗಾಡಿ ಏರಿದಳು. ಇಳಿಯುವ ಮೊದಲು ಸಪಾಟು ಜಾಗದಲ್ಲಿ ಒಂದು ಸುತ್ತು ಹೊಡೆದು ಬ್ರೇಕ್ ಒತ್ತಿದಳು.

ಗಾಡಿ ನಿಲ್ಲಲಿಲ್ಲ. ಬದಲಿಗೆ ಕೂಗಿತು. ಎಂಥ ಕೂಗೆಂದರೆ, ಕೆಳಗೆ ಮೇಯುತ್ತಿದ್ದ ಕುರಿಗಳೆಲ್ಲ ಒಮ್ಮೆಲೇ ತಲೆ ಎತ್ತಿದವು. ಮಗಳು ಕಾಲು ಊರಿ ನಿಲ್ಲಿಸಿ, ಕೆಳಗಿಳಿದು, ಬಿಲ್ಲೆಗೆ ಬೆರಳು ತಾಗಿಸಿ ಮೂಸಿ ನೋಡಿದಳು. ಆ ವಾಸನೆ ಅವಳಿಗೆ ಗೊತ್ತಿಲ್ಲದ್ದಲ್ಲ. ಅವಳ ತಲೆಗೆ ಚಿಕ್ಕಂದಿನಿಂದ ಹಚ್ಚಿದವಳು ನಾನೇ.

"ಆಯಿ ಗ!" ಎಂದಳು. "ಬ್ರೇಕಿಗೆ ಎಣ್ಣಿ ಹಚ್ಚೀಯೇನು?"

"ಬ್ರೇಕಿಗೆ ಎಲ್ಲಿ ಹಚ್ಚೇನಿ? ಆ ಬಿಲ್ಲಿಗೆ ಹಚ್ಚೇನಿ."

"ಬ್ರೇಕ್ ಅಂದ್ರ ಆ ಬಿಲ್ಲೀನ!"

ಇಂಜಿನಿಯರಿಂಗ್ ಗುಂಪಿನಲ್ಲಿ ಯಾರೋ ಕೆಮ್ಮಿದರು. ನಗುವನ್ನು ಕೆಮ್ಮಾಗಿ ಮಾಡುವ ಕೆಮ್ಮು. ಇನ್ನುಳಿದ ಮೂರು ಗಾಡಿ ನೋಡಿದರೆ ಅವೂ ಅಷ್ಟೇ ಸೌಭಾಗ್ಯವತಿಯರಾಗಿ ನಿಂತಿದ್ದವು. ನನ್ನ ಗಂಡ ಒಂದು ಕಲ್ಲಿನ ಮೇಲೆ ಕೂತು, "ಸಂಪ್ಲ, ಮುಗೀತ ಕಥಿ. ನಡೀರಿ ಮನಿಗೆ," ಎಂದರು.

ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಇಚಲಕರಂಜಿಯ ಮನೆ ನನ್ನ ಕಣ್ಣ ಮುಂದೆ ಬಂತು. ಚೊಕ್ಕ ಅಂಗಳ, ಹಸನ್ಮುಖಿ ಅತ್ತೆ. ನಾನು ಬೇಡಿದ್ದೇ ಆಗುತ್ತಿದೆ, ನನ್ನ ಕೈಯಿಂದಲೇ. ಆದರೆ ಮಗಳ ಮುಖ ನೋಡಿದೆ. ಅವಳು ಅಳುತ್ತಿರಲಿಲ್ಲ, ನನ್ನನ್ನು ಬೈಯುತ್ತಲೂ ಇರಲಿಲ್ಲ. ಪಾನಾದ ಚೀಲ ಬಿಚ್ಚುತ್ತಿದ್ದಳು.

"ಡಾಕ್ಟರ್ ಕಾಕಾ, ಗಾಡ್ಯಾಗ ಸ್ಪಿರಿಟ್ ಐತೇನ್ರಿ?"

ಮಿರಜದ ಡಾಕ್ಟರ ಕಾರಿನಲ್ಲಿ ಸ್ಪಿರಿಟ್ ಇಲ್ಲದಿದ್ದರೆ ಮತ್ತೆಲ್ಲಿ ಇರುತ್ತದೆ? ಅವರು ಬಾಟಲಿ, ಹತ್ತಿ ಎರಡೂ ತಂದರು. ಮಗಳು ಬಿಲ್ಲೆಗಳನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದಳು. ಆಮೇಲೆ ಬ್ರೇಕಿನೊಳಗಿಂದ ಹೆಬ್ಬೆರಳಿನ ಉಗುರಿನಷ್ಟು ಸಣ್ಣ ಚೂರುಗಳನ್ನು ತೆಗೆದಳು. ಬಿಲ್ಲೆಯನ್ನು ಹಿಡಿದು ನಿಲ್ಲಿಸುವ ಪ್ಯಾಡು ಅವೇ ಅಂತೆ. ಎಣ್ಣೆ ಕುಡಿದು ಕಪ್ಪಾಗಿದ್ದವು.

"ಇವನ್ನ ಕಲ್ಲಿಗೆ ತಿಕ್ಕಿ ಮ್ಯಾಲಿನ ಪದರ ತಗೀಬೇಕು. ಒಂದ ಸಮ ತಿಕ್ಕಬೇಕು. ಓರೆ ಆದ್ರ ಕೆಟ್ಟೋಗ್ತಾವ," ಎಂದಳು.

"ಕೊಡು ಇಲ್ಲಿ," ಎಂದೆ.

"ನಿನಗ ಬರೂದಿಲ್ಲ ಆಯಿ."

"ದಿನಾ ಮುಂಜಾನೆ ಗಂಧ ತೇಯಾಕಿ ಯಾರ?"

ಸಪಾಟಾದ ಕಲ್ಲು ನೋಡಿ ಕೂತೆ. ಬೆರಳ ತುದಿಯಲ್ಲಿ ಹಿಡಿದು, ಭಾರ ಹಾಕದೆ, ಗೋಲಾಗಿ ತೇಯ್ದೆ. ಕೈ ಗಂಧದ ಲಯ ಹಿಡಿದದ್ದೇ ತಡ, ಬಾಯಿ ತಾನಾಗಿ ಣಮೋಕಾರ ಮಂತ್ರ ಶುರುಮಾಡಿತು. ಬ್ರೇಕಿನ ಚೂರನ್ನು ಹಿಡಿದು ಅರಿಹಂತರನ್ನು ನೆನೆಯುವುದು ಪಾಪವೋ ಪುಣ್ಯವೋ ನನಗೆ ಗೊತ್ತಿಲ್ಲ. ಡಾಕ್ಟರು ಚುರಮುರಿ ತಿನ್ನುತ್ತ ಪಕ್ಕದಲ್ಲೇ ನಿಂತರು. ಗಡಿಯಾಚೆಯ ರೋಗಿಗಳಿಂದ ಕಲಿತ ಕನ್ನಡ ಅವರದು. "ವಹಿನಿ, ನಮ್ಮ ಆಪರೇಷನ್ ಥಿಯೇಟರಿನಾಗೂ ಇಷ್ಟ ಶಾಂತ ಇರೂದಿಲ್ಲರಿ," ಎಂದರು.

ಒಂದೇ ಗಾಡಿಯದು ಮುಗಿಯುವಷ್ಟರಲ್ಲಿ ಬಿಸಿಲು ಏರಿತ್ತು. ಮಗಳು ಪ್ಯಾಡು ಕೂಡಿಸಿ, ಅದೇ ಸಪಾಟು ಜಾಗದಲ್ಲಿ ಓಡಿಸುವುದು, ಬ್ರೇಕ್ ಒತ್ತುವುದು, ಮತ್ತೆ ಓಡಿಸುವುದು, ಮತ್ತೆ ಒತ್ತುವುದು ಮಾಡಿದಳು. ಮೊದಮೊದಲು ಜಾರಿತು. ಬರಬರುತ್ತ ಹಿಡಿಯಿತು. ಕೊನೆಗೆ ಒತ್ತಿದರೆ ಹಿಂದಿನ ಗಾಲಿ ನೆಲ ಬಿಟ್ಟು ಏಳುವಷ್ಟು ಗಟ್ಟಿಯಾಗಿ ನಿಂತಿತು. ಕೂಗು ಮಾತ್ರ ಹೋಗಲಿಲ್ಲ.

ಇವರು ಕಲ್ಲಿನಿಂದ ಎದ್ದು ಹೋಗಿ ತಾವೇ ಬ್ರೇಕ್ ಒತ್ತಿ, ಗಾಡಿ ದೂಡಿ ನೋಡಿದರು. ಅಲುಗಲಿಲ್ಲ. ಮಗಳ ಮುಖ ನೋಡಿ, ನನ್ನ ಮುಖ ನೋಡಿ, "ಸಾವಕಾಶ," ಎಂದಷ್ಟೇ ಹೇಳಿದರು.

ಅವಳು ಇಳಿದಳು. ಕಲ್ಲು, ಕೊರಕಲು, ಗಿಡದ ಬೇರು ಯಾವುದನ್ನೂ ಬಿಡದೆ ಇಳಿದಳು. ನಾನು ಕಣ್ಣು ಮುಚ್ಚಿದ್ದೆ. ಆದರೆ ಪ್ರತಿ ತಿರುವಿನಲ್ಲೂ ನನ್ನ ಎಣ್ಣೆ ಕೂಗಿ ಕೂಗಿ ಹೇಳುತ್ತಿತ್ತು, ಇಲ್ಲಿದ್ದಾಳೆ, ಈಗ ಇಲ್ಲಿದ್ದಾಳೆ ಎಂದು. ಮಗಳನ್ನು ಗುಡ್ಡಕ್ಕೆ ಬಿಟ್ಟ ತಾಯಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಕೆ? ಕೂಗು ಥಟ್ಟನೆ ನಿಂತಿತು. ಕಣ್ಣು ಬಿಟ್ಟರೆ ಕೆಳಗಿನ ಸುಣ್ಣದ ಗೆರೆಯ ಹತ್ತಿರ, ಗೆರೆಯ ಒಳಗೇ, ಟೋಪಿ ತೆಗೆದು ಕೈಯಾಡಿಸುತ್ತಿದ್ದಳು.

ಕಾಲೇಜಿನ ಗುಂಪು ಸಿಳ್ಳೆ ಹೊಡೆಯಿತು. ಪ್ರೊಫೆಸರುಗಳು ತಮಗೆ ವಯಸ್ಸಾಯಿತೆಂದು ಕೈಮುಗಿದರು. ಡಾಕ್ಟರು ಮಾತ್ರ ಇವರನ್ನು ಬಿಟ್ಟು ನೇರವಾಗಿ ಮಗಳ ಹತ್ತಿರ ಹೋಗಿ, "ನಂದೊಂದು ಹಳೇ ಗಾಡಿ ಐತಿ, ಇಲ್ಲಿತನಕ ಯಾರಿಗೂ ಸುಧಾರ್ಸಾಕ ಆಗಿಲ್ಲ. ನೀ ನೋಡ್ತೀಯೇನವಾ?" ಎಂದು ಕೇಳಿದರು. ಹುಡುಗರೂ ಹಿಂದೆಯೇ ಹೋದರು. ಗಾಡಿಯ ಬೆಲೆ ಯಾರೂ ಕೇಳಲಿಲ್ಲ. ಅಂಗಡಿಯಲ್ಲಿ ನೀನು ಎಷ್ಟೊತ್ತಿಗೆ ಇರುತ್ತೀ ಎಂದೇ ಎಲ್ಲರೂ ಕೇಳಿದ್ದು.

ಟೆಂಪೋದಲ್ಲಿ ಮರಳಿದೆವು. ಮಿರಜ ದಾಟಿದ ಮೇಲೆ ಇವರು ರಸ್ತೆ ನೋಡುತ್ತಲೇ ಕೇಳಿದರು: "ಎಡಗಡೆ ಸಣ್ಣ ಹುಡುಗೂರ ಮೂರಗಾಲಿ ಸೈಕಲ್ ಅದಾವಲಾ, ಅವನ್ನ ಎಲ್ಲಿ ಇಡೂದು?"

ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಳು. "ನಮ್ಮ ಆಯೀ ಪಲ್ಲಂಗದ ಬುಡಕ ಜಗಾ ಐತಿ ಅಪ್ಪಾ."

ನನ್ನನ್ನು ಯಾರೂ ಕೇಳಲಿಲ್ಲ. ಎಣ್ಣೆ ಹಚ್ಚಿದ ಮೇಲೆ ಬೇಡ ಎನ್ನುವ ಹಕ್ಕೂ ನನಗೆ ಉಳಿದಿರಲಿಲ್ಲ. ಗಿರಾಕಿಗಳು ಬಂದದ್ದು ರಿಪೇರಿಗೆ, ಹಾಗಾಗಿ ಮೂರು ಗಾಡಿ ಎಣ್ಣೆ ಒರೆಸಿಕೊಂಡು ಪುಣೆಗೆ ವಾಪಸ್ ಹೋದವು, ಕೂಗುವುದು ಇಲ್ಲೇ ಉಳಿಯಿತು. ಇಚಲಕರಂಜಿಯವರಿಗೆ ನಾನೇ ಫೋನ್ ಮಾಡಿ, ಹುಡುಗಿ ಅಂಗಡಿ ತೆಗೆದಿದ್ದಾಳೆ, ನೋಡುವುದಿದ್ದರೆ ಅಂಗಡಿಗೇ ಬನ್ನಿ ಎಂದೆ. ನೋಡೋಣ ಎಂದರು. ಅವರು ಇನ್ನೂ ಬಂದಿಲ್ಲ. ಈಗ ಬೆಳಿಗ್ಗೆ ಪಲ್ಲಂಗದ ಕೆಳಗೆ ಕಸಬರಿಗೆ ಹಾಕಿದರೆ ಯಾವುದೋ ಮೂರುಗಾಲಿಯ ಗಂಟೆಗೆ ತಾಗಿ ಟಿಣ್ ಎನ್ನುತ್ತದೆ, ಮಗಳು ಅಂಗಡಿಯ ಕೀಲಿ ತೆಗೆದುಕೊಂಡು ಹೊರಟಿರುತ್ತಾಳೆ.