ಅಕ್ಕ ಕಂಡ ಎಮ್ಮೆ

ನಾನಿರುವ ಜರ್ಮನಿಯ ವೋಲ್ಫ್ಸ್‌ಬುರ್ಗ್‌ನಿಂದ, ಊರಿಂದ ಬಂದಿದ್ದ ಅಕ್ಕನೂ ನಾನೂ ಸಫಾರಿ ಪಾರ್ಕಿಗೆ ಹೋದೆವು. ಬಸ್ಸಿಗೆ ರ‍್ಯಾಂಪ್ ಇತ್ತು, ಮಂಡಿನೋವಿನ ಅಕ್ಕ ಸಲೀಸಾಗಿ ಹತ್ತಿದಳು. ಆಫ್ರಿಕಾದ ಕಾಡೆಮ್ಮೆಗಳನ್ನು ಕಂಡದ್ದೇ ಎದ್ದು ನಿಂತಳು.

“ಏ ಸುಧಾ, ಆ ಮೂಲೇಲಿರೋದು ನೋಡೇ! ಕೆಚ್ಚಲು ಬಿಗ್ದೈತೆ, ಈಗ್ಲೇ ಈಯ್ತೈತೆ. ಡ್ರೈವರ್‌ಗೆ ಹೇಳು.”

ಜರ್ಮನರೆಲ್ಲ ತಿರುಗಿ ನೋಡಿದರು.

“ಸುಮ್ನೆ ಕೂತ್ಕೊಳ್ಳೇ ಅಕ್ಕಾ, ಇದೇನ್ ನಮ್ಮ ಕೊಟ್ಟಿಗೇನಾ?” ಎಂದು ಸೆರಗು ಎಳೆದು ಕೂರಿಸಿದೆ.

ನಮ್ಮ ಮನೆಯ ಮೊದಲ ಪದವೀಧರೆ ನಾನು. ನಾನು ಓದಲೆಂದು ಶಾಲೆ ಬಿಟ್ಟು ಎಮ್ಮೆ ಕಾಯ್ದವಳು ಅಕ್ಕ.

ಬಸ್ಸು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಎಮ್ಮೆಯ ಹಿಂದೆ ಕರುವಿನ ಕಾಲು ಕಾಣುತ್ತಿತ್ತು. ಅಕ್ಕ ಆಗಲೇ ಹೇಳಿದ್ದಳೆಂದು ಡ್ರೈವರಿಗೆ ತಿಳಿಸಿದೆ. ಅವನು ವೈರ್‌ಲೆಸ್ಸಿನಲ್ಲಿ ಡಾಕ್ಟರನ್ನು ಕರೆದು, ನನ್ನತ್ತ ತಿರುಗಿ, “ಅವರಿಗೆ ಮೊದಲೇ ಹೇಗೆ ಗೊತ್ತಾಯ್ತು? ಕೇಳಿ,” ಎಂದ.

ಕೇಳಿದೆ.

ಅಕ್ಕ ಕಿಟಕಿಯಿಂದ ಕಣ್ಣು ಕೀಳಲಿಲ್ಲ. “ನೀನೇ ಹೇಳವ್ವ. ಓದಿರೋಳು ನೀನು.”